ಎರಡು ರಿಂಗ್

ಮೊಬೈಲ್ ಸಿಕ್ಕಿದ್ದು ಗಂಡನ ಟಿಫಿನ್ ಡಬ್ಬಿಯಲ್ಲಿ. ಯೋಗೀಶ ದಿನಾ ತನ್ನ ಡಬ್ಬಿ ತಾನೇ ತೊಳೆಯುತ್ತಾನೆಂದು ಸೋನಾಲಿ ಗೆಳತಿಯರ ಮುಂದೆ ಹೊಗಳಿಕೊಂಡಿದ್ದಳು. ಇವತ್ತು ಅವನು ಸೀದಾ ಸ್ನಾನಕ್ಕೆ ಹೋಗಿದ್ದ. ಅವಳು ಮುಚ್ಚಳ ಬಿಚ್ಚಿದಳು. ಒಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಹಳೆಯ ಬಟನ್ ಫೋನ್.

ಅವನ ಫೋನ್ ಚಾರ್ಜಿಗೆ ಹಾಕಿತ್ತು. ಇದು ಎರಡನೆಯದು.

ಬಚ್ಚಲಲ್ಲಿ ನೀರು ಬೀಳುತ್ತಿತ್ತು. ಅವಳು ಕರೆಗಳ ಪಟ್ಟಿ ತೆರೆದಳು. ಹೆಸರಿಲ್ಲ, ಒಂದೇ ನಂಬರ್. ಭಾನುವಾರ ಬಿಟ್ಟು ದಿನಾ ಸಂಜೆ, ಅವನು ತುರ್ಭೆಯ ಫ್ಯಾಕ್ಟರಿ ಮುಗಿಸಿ ಲೋಕಲ್ ರೈಲಿನಿಂದ ಡೊಂಬಿವ್ಲಿಯಲ್ಲಿ ಇಳಿಯುವ ಹೊತ್ತಿಗೆ ಒಂದು ಕರೆ. ಆ ಕಡೆಯವರು ಒಮ್ಮೆಯೂ ಎತ್ತಿರಲಿಲ್ಲ. ಮಿಸ್ಡ್ ಕಾಲ್. ಅದರ ಅರ್ಥ ಸೋನಾಲಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮದುವೆಗೆ ಮುಂಚೆ ಅವಳ ಬಿಲ್ಡಿಂಗಿನ ಕೆಳಗೆ ನಿಂತು ಅವನು ಕೊಡುತ್ತಿದ್ದದ್ದೂ ಅದನ್ನೇ.

ನಂಬರು ಡೊಂಬಿವ್ಲಿಯದೇ ಲ್ಯಾಂಡ್‌ಲೈನ್. ಅಂದರೆ ಮನೆಯಲ್ಲೇ ಇರುವವಳು. ಸಂಜೆ ಫೋನಿನ ಪಕ್ಕ ಕಾಯುವವಳು.

ಮದುವೆಯಾಗಿ ನಾಲ್ಕು ತಿಂಗಳಾಗಿತ್ತು ಅಷ್ಟೆ.

ಅಡುಗೆಮನೆಯಲ್ಲಿ ಅತ್ತೆ ದಮಯಂತಿ ಕಾವಲಿಯಲ್ಲಿ ಕಾಯಿಸಿದ ಬಂಗುಡೆ ಮೀನುಗಳನ್ನು ತಟ್ಟೆಗೆ ಹಾಕುತ್ತಿದ್ದಳು. ಒಬ್ಬರಿಗೆ ಒಂದರಂತೆ ಮೂರು.

ದಮಯಂತಿಗೆ ತಲೆ ಸರಿಯಿಲ್ಲ ಎಂದು ಇಡೀ ಬಿಲ್ಡಿಂಗಿಗೆ ಗೊತ್ತು. ಗಂಡ ದೇವದಾಸ್ ಠಾಣೆಯ ಹೋಟೆಲೊಂದರಲ್ಲಿ ಕ್ಯಾಶಿಯರ್ ಆಗಿದ್ದ. ಸಂಜೆ ಡೊಂಬಿವ್ಲಿ ಸ್ಟೇಷನ್ ಹೊರಗಿನ ಕಾಯಿನ್ ಬೂತಿನಿಂದ ಮನೆಗೆ ಎರಡು ರಿಂಗ್ ಕೊಟ್ಟು ಇಟ್ಟುಬಿಡುತ್ತಿದ್ದ. ಬಂದೆ, ಕಾವಲಿ ಇಡು ಎಂದು ಅರ್ಥ. ಯಾರೂ ಎತ್ತಬಾರದು. ಎತ್ತಿದರೆ ಕಾಯಿನ್ ಹೋಗುತ್ತದೆ. ಮೀನು ಬಿಸಿಯಿರುವಾಗಲೇ ಮನೆಗೆ ಬಂದು ಊಟಕ್ಕೆ ಕೂರುತ್ತಿದ್ದ. ಆರು ವರ್ಷದ ಹಿಂದೆ ಅದೇ ಬೂತಿನ ಬುಡದಲ್ಲಿ ಎದೆ ಹಿಡಿದುಕೊಂಡು ಬಿದ್ದವನು ಮತ್ತೆ ಏಳಲಿಲ್ಲ.

ಬೂತ್ ಹೋಯಿತು. ಮನೆಯ ಹಾಲ್‌ನಲ್ಲಿ ಕೆಂಪು ಫೋನ್ ಉಳಿಯಿತು. ದಮಯಂತಿ ಈಗಲೂ ಸಂಜೆ, ‘ಫೋನ್ ಬಂತು, ಇನ್ನು ಬರ್ತಾರೆ’ ಎಂದು ಕಾವಲಿ ಇಡುತ್ತಾಳೆ ಎಂದು ಪಕ್ಕದ ಮನೆಯವರೂ ಹೇಳುತ್ತಿದ್ದರು. ಆ ಹೊತ್ತಿಗೆ ಸೋನಾಲಿ ವಾಶಿಯ ಆಫೀಸಿನಿಂದ ಬಂದಿರುತ್ತಿರಲಿಲ್ಲ. ಆ ಫೋನ್ ಸತ್ತು ಯಾವ ಕಾಲವಾಯಿತೋ ಎಂದು ಯೋಗೀಶನೇ ಹೇಳಿದ್ದ. ಹಾಗಾದರೆ ಗುಜರಿಗೆ ಕೊಡೋಣ ಎಂದು ಸೋನಾಲಿ ಅಂದದ್ದಕ್ಕೆ ಅವನು ಉಣ್ಣುತ್ತಿದ್ದ ತಟ್ಟೆ ಎಸೆದ. ಆಮೇಲೆ, ‘ಅಮ್ಮನ ಸಮಾಧಾನಕ್ಕೆ ಇರ್ಲಿ ಮಾರಾಯ್ತಿ’ ಎಂದ.

ಭಾನುವಾರ ಅಮ್ಮನಿಗೆ ಮೊಬೈಲ್ ಕಲಿಸಲು ಕೂರುತ್ತಿದ್ದ. “ಹಸಿರು ಎತ್ಲಿಕ್ಕೆ, ಕೆಂಪು ಇಡ್ಲಿಕ್ಕೆ. ಎಷ್ಟು ಸಲ ಹೇಳುವುದು?” ದಮಯಂತಿ ಮೊಬೈಲನ್ನು ತಲೆಕೆಳಗಾಗಿ ಹಿಡಿದು, “ನನಗಿದೆಲ್ಲ ಆಗುದಿಲ್ಲ ಮಗಾ” ಎನ್ನುತ್ತಿದ್ದಳು. ಅವನು ಬೈಯುತ್ತಿದ್ದ. ಬೈದು ಮುಗಿದ ಮೇಲೆ ಅವನ ಮುಖ ಹಗುರಾಗುತ್ತಿತ್ತು.

“ಮಾಮಿ, ಇವನು ಸ್ಟೇಷನ್‌ನಿಂದ ಸೀದಾ ಮನೆಗೆ ಬರ್ತಾನಾ?” ಸೋನಾಲಿ ಕೇಳಿದಳು.

“ಮೀನು ಬಿಸಿ ಇರುವಾಗ ಬಂದೇ ಬರ್ತಾನೆ.”

“ನಡುವೆ ಯಾರ ಮನೆಗಾದ್ರೂ ಹೋಗ್ತಾನಾ?”

ದಮಯಂತಿ ಸೊಸೆಯ ಕೈಯಲ್ಲಿದ್ದ ಫೋನ್ ನೋಡಿದಳು. “ಅದನ್ನು ಇದ್ದಲ್ಲೇ ಇಡು ಮಗಾ.”

“ಅಂದ್ರೆ ನಿಮಗೆ ಗೊತ್ತುಂಟು.”

“ನನಗೆಂತ ಗೊತ್ತು. ನನ್ನ ತಲೆ ಸರಿ ಇಲ್ಲ ಅಲ್ವಾ.”

ಸೋನಾಲಿಗೆ ಮೈ ಉರಿಯಿತು. ತಾಯಿಗೂ ಗೊತ್ತು, ಮಗನಿಗೂ ಗೊತ್ತು, ಕಟ್ಟಿಕೊಂಡವಳಿಗೆ ಮಾತ್ರ ಗೊತ್ತಿಲ್ಲ. “ಠೀಕ್ ಹೈ. ಅವಳನ್ನೇ ಕೇಳ್ತೇನೆ.” ಹಸಿರು ಬಟನ್ ಒತ್ತಿದಳು.

ಹಾಲ್‌ನಲ್ಲಿ ಕೆಂಪು ಫೋನ್ ರಿಂಗಾಯಿತು.

ಅವಳು ಕೈಯಲ್ಲಿದ್ದದ್ದನ್ನು ನೋಡಿದಳು. ಹಾಲಿನ ಕಡೆ ನೋಡಿದಳು. ಅರ್ಥವಾಯಿತು. ಬೂತ್ ಇದ್ದಲ್ಲೇ ನಿಂತು, ಸತ್ತ ಅಪ್ಪನ ಪರವಾಗಿ ಮಗ ದಿನಾ ರಿಂಗ್ ಕೊಡುತ್ತಿದ್ದಾನೆ. ತಾಯಿಯ ಸಮಾಧಾನಕ್ಕೆ. ಇಂಥವನ ಮೇಲೆ ಅನುಮಾನ ಪಟ್ಟೆನಲ್ಲ ಎಂದು ಅವಳ ಕಣ್ಣು ತುಂಬಿತು.

ಎರಡನೇ ರಿಂಗ್ ಆಯಿತು.

“ಕಟ್ ಮಾಡು,” ದಮಯಂತಿ ಪಿಸುಗುಟ್ಟಿದಳು. “ಬೇಗ. ಕೆಂಪು ಒತ್ತು.”

ಸೋನಾಲಿಯ ಬೆರಳು ತಡವರಿಸಿತು. ಮೂರನೇ ರಿಂಗ್ ಆಯಿತು.

ಬಚ್ಚಲ ಬಾಗಿಲು ಗೋಡೆಗೆ ಬಡಿಯಿತು. ಸೊಂಟಕ್ಕೆ ಟವೆಲ್, ಮೈತುಂಬ ಸೋಪಿನ ನೊರೆ. ಯೋಗೀಶ ಓಡಿ ಬಂದು ಜಾರಿ ಬಿದ್ದ. ಎದ್ದು ನಿಲ್ಲುವಷ್ಟೂ ತಾಳದೆ, ತೆವಳಿಕೊಂಡೇ ಹೋಗಿ ಎರಡೂ ಕೈಯಲ್ಲಿ ರಿಸೀವರ್ ಹಿಡಿದ.

“ಅಪ್ಪಾ. ಎತ್ತಿದೆ ಅಪ್ಪಾ. ಎಲ್ಲಿದ್ದೀರಿ? ಅಲ್ಲೇ ಕೂತ್ಕೊಳ್ಳಿ, ಈಗ ಬಂದೆ.”

ಅದೇ ಮಾತು ಸೋನಾಲಿಯ ಅಂಗೈಯೊಳಗಿನಿಂದಲೂ ಸಣ್ಣದಾಗಿ ಕೇಳಿಸಿತು.

ದಮಯಂತಿ ಮೊಬೈಲ್ ಕಸಿದುಕೊಂಡಳು. ತಲೆಕೆಳಗಾಗಿ ಹಿಡಿಯಲಿಲ್ಲ. ನೋಡದೆಯೇ ಹೆಬ್ಬೆರಳಿನಿಂದ ಕೆಂಪು ಬಟನ್ ಒತ್ತಿದಳು. ಹಾಲಿನಲ್ಲಿ ಅವನು ಇನ್ನೂ ಕರೆಯುತ್ತಲೇ ಇದ್ದ.

“ಅವರು ಬಿದ್ದ ದಿನ ಎರಡಕ್ಕೆ ನಿಲ್ಲಲಿಲ್ಲ,” ಎಂದಳು ಗ್ಯಾಸ್ ಆರಿಸುತ್ತಾ. “ರಿಂಗ್ ಆಗ್ತಾನೇ ಇತ್ತು. ಎತ್ತಲಿಕ್ಕೆ ಎದ್ದ ನನ್ನ ಕೈ ಹಿಡಿದು, ‘ಬಿಡಮ್ಮಾ, ಅಪ್ಪನ ಕಾಯಿನ್ ಹೋಗ್ತದೆ’ ಅಂದದ್ದು ಇವನೇ.”

ಮೂರು ಮೀನಿನ ತಟ್ಟೆಯನ್ನು ಮುಚ್ಚಿಟ್ಟಳು. “ಹುಚ್ಚು ನನಗೇ, ರಿಂಗ್ ಕೊಡುವುದು ನನಗೋಸ್ಕರವೇ ಅಂತ ನಂಬಿದ್ದ, ಹಾಗಾಗಿ ದಿನಾ ಮನೆಗೆ ಬಂದು ಉಣ್ಣುತ್ತಿದ್ದ. ನಾಳೆ ಎಂತ ಮಾಡುವುದು, ಹೇಳು.”