ಬಿಚ್ಚದ ನಟ್

ನಟ್ಟಿನ ಮೇಲಿಂದ ಪಾನಾ ಮತ್ತೆ ಜಾರಿತು. ಪಿಕಪ್ ಗಾಡಿಯ ಕೆಳಗಿನಿಂದ ಭೀಮಶ್ಯಾ ಬೈದ ಬೈಗುಳ ಪಡಸಾಲೆಯವರೆಗೂ ಕೇಳಿಸಿತು.

"ಏನಾತೋ?" ಅವನ ಅಣ್ಣ ಪರಮಾನಂದ ಕಟ್ಟೆಯ ಮೇಲಿಂದಲೇ ಗದರಿದರು.

"ಎಣ್ಣಿ ಇಳಸೂ ನಟ್ಟಿನ ಮೂಲಿ ಸವದಾವಣ್ಣ. ಗುಂಡಗ ಆಗೇತಿ. ಪಾನಾ ಹಿಡೀವಲ್ದು."

ಭೀಮಶ್ಯಾನ ಮಗಳು ಸೌಂದರ್ಯಾ ಹೊಸ್ತಿಲ ಹತ್ತಿರ ಹಸಿರು ಸೀರೆ ಉಟ್ಟು ಕೂತಿದ್ದಳು. ಉಡಿ ತುಂಬಿ ಒಳಗೆ ಹೋದ ಅವ್ವ ರೇಣವ್ವ ಇನ್ನೂ ಹೊರಬಂದಿರಲಿಲ್ಲ. ಅಳುತ್ತಿರಬೇಕು. ಸೌಂದರ್ಯಾಳಿಗೆ ಅಳು ಬರಲಿಲ್ಲ. ಗಂಡ ಹೊಡೆದು ಮುರಿದ ತನ್ನ ಎಡಗೈಗೆ ಪಟ್ಟಿ ಕಟ್ಟಿಸಿಕೊಂಡು ಮೂರು ತಿಂಗಳ ಹಿಂದೆ ಸಾಲೋಟಗಿಯ ಈ ತವರಿಗೆ ಬಂದಾಗ ಅತ್ತದ್ದೇ ಕೊನೆ.

ಕಳೆದ ಸೋಮವಾರ ಹಿರಿಯರು ಕೂಡಿದ್ದರು. ದೊಡ್ಡಪ್ಪ ಪರಮಾನಂದರೇ ಮುಂದೆ ನಿಂತು ತೀರ್ಮಾನ ಹೇಳಿದ್ದರು: ಮಣ್ಣೆತ್ತಿನ ಅಮಾವಾಸ್ಯೆ ಕೂಡುವುದರೊಳಗೆ ಹುಡುಗಿ ಮುದ್ದೇಬಿಹಾಳದ ಗಂಡನ ಮನೆ ಸೇರಬೇಕು. ಅಮಾವಾಸ್ಯೆಯಲ್ಲಿ ಹೆಣ್ಣು ಕಳಿಸುವಂತಿಲ್ಲ, ಅದು ಕಳೆದರೆ ಆಷಾಢ. ಮದುವೆಯಾದ ಮೊದಲ ವರ್ಷದ ಸೊಸೆ ಆ ತಿಂಗಳು ಅತ್ತೆಯ ಹೊಸ್ತಿಲು ತುಳಿಯುವಂತಿಲ್ಲ. ಅಪ್ಪ ಎಲ್ಲದಕ್ಕೂ ತಲೆಯಾಡಿಸಿದ್ದ. ಆಡಿದ್ದು ಒಂದೇ ಮಾತು. "ಬಾಡಿಗಿ ಗಾಡಿ ಬ್ಯಾಡ. ನಾನ ಬಿಟ್ಟ ಬರ್ತೇನಿ."

ಎಂಥ ಅಪ್ಪ! ಮಗಳನ್ನು ಮತ್ತೆ ಆ ಮನೆಗೆ ಒಪ್ಪಿಸುವ ದಿನವೂ ಅವನಿಗೆ ಲಿಂಬೆ ಹೇರುವ ಗಾಡಿಯದೇ ಚಿಂತೆ. ದೂರದ ಹಾದಿ, ಎಣ್ಣೆ ಬದಲಿಸಿಯೇ ಹೊರಡೋಣ ಎಂದು ಬೆಳಿಗ್ಗೆ ಎದ್ದವನೇ ಗಾಡಿಯ ಕೆಳಗೆ ತೂರಿದ್ದ. ಸೌಂದರ್ಯಾಳಿಗೆ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದಿತ್ತು.

"ಎಂಟಾತು," ದೊಡ್ಡಪ್ಪ ಎದ್ದು ನಿಂತರು. "ಹನ್ನೆರಡಕ್ಕ ಅಮಾಸಿ ಕೂಡತೈತಿ. ಮೂರು ತಾಸಿನ ಹಾದಿ. ಲಗೂನ ಮಾಡೋ!"

"ಮಾಡಾಕತ್ತೇನಣ್ಣ."

ಅಪ್ಪ ಪೈಪ್ ಪಾನಾ ಹಚ್ಚಿದ. ಜಾರಿತು. ಚಾಣ ಇಟ್ಟು ಸುತ್ತಿಗೆಯಿಂದ ಬಡಿದ. ಕಬ್ಬಿಣದ ಚೂರು ಸಿಡಿದವೇ ಹೊರತು ನಟ್ ಕದಲಲಿಲ್ಲ. ಬೆರಳು ತರಚಿ ರಕ್ತ ಬಂತು. ದೊಡ್ಡಪ್ಪ ಬಗ್ಗಿ ನೋಡಿದರು. ಮೂವತ್ತು ವರ್ಷ ಸಾಲಿ ಮಾಸ್ತರಿಕೆ ಮಾಡಿದವರು. ಸೈಕಲ್ ಬಿಟ್ಟರೆ ಬೇರೆ ಗಾಡಿ ಓಡಿಸಿದವರಲ್ಲ. ಗುಂಡಗಾದ ನಟ್, ತಮ್ಮನ ರಕ್ತ, ಬೆವರು, ಅಷ್ಟು ಕಂಡಿತು.

"ಸುಡುಗಾಡ ಗಾಡಿ!" ಎಂದು ಟೈರಿಗೆ ಒದ್ದರು.

ಮತ್ತೆ ಒಂದು ತಾಸು ಕಾದರು. ಕೊನೆಗೆ ಹತ್ತಿರದ ಇಂಡಿ ಪಟ್ಟಣದ ನಿಯಾಜನ ಬಾಡಿಗೆ ಕಾರಿಗೆ ಫೋನ್ ಹಚ್ಚಿದರು. ಅದು ಸಿಂದಗಿಗೆ ಬಾಡಿಗೆ ಹೋಗಿತ್ತು. ಅಷ್ಟರಲ್ಲಿ ಒಂಬತ್ತೂವರೆ. ಬಸ್ ಹತ್ತಿದರೂ ಅಮಾವಾಸ್ಯೆ ಕೂಡುವುದರೊಳಗೆ ಮುಟ್ಟುವ ಮಾತಿಲ್ಲ.

"ಇನ್ನ ಆಷಾಢ ಕಳದ ಮ್ಯಾಲ ಕಳಸೂದು," ದೊಡ್ಡಪ್ಪ ಹೆಗಲಿಗೆ ವಲ್ಲಿ ಹಾಕಿಕೊಂಡರು. "ಬೀಗರಿಗೆ ನಾನ ಹೇಳ್ತೇನಿ. ಗಾಡಿ ಕೆಟ್ಟರ ಯಾರ ಏನ್ ಮಾಡಾಕ ಬರತೈತಿ?"

ಅವರು ಓಣಿ ದಾಟುವವರೆಗೆ ಅಪ್ಪ ನೋಡುತ್ತ ನಿಂತ. ಸೌಂದರ್ಯಾಳಿಗೆ ಖುಷಿಯೂ ಆಗಲಿಲ್ಲ. ಒಂದು ತಿಂಗಳು. ಆಮೇಲೆ ಅದೇ ಮನೆ, ಅದೇ ಹೊಡೆತ. ಸೀರೆ ಬದಲಿಸಲು ಎದ್ದಳು.

"ಎಲ್ಲಿ ಹೊಂಟಿ? ಬಾ ಇಲ್ಲೆ," ಎಂದ ಅಪ್ಪ. ಕೈ ತೊಳೆದುಕೊಂಡು ಗಾಡಿ ಹತ್ತಿ ಚಾವಿ ತಿರುವಿದ. ಒಂದೇ ಸಲಕ್ಕೆ ಚಾಲೂ ಆಯಿತು.

"ಅಪ್ಪಾ... ನಟ್ಟು?"

"ಬಿಚ್ಚಿದ್ರ ಎಣ್ಣಿ ಸೋರಿ ಗಾಡಿ ನಿಲ್ತಿತ್ತವ್ವಾ, ಬಿಚ್ಚೇ ಇಲ್ಲಲ್ಲ, ಹತ್ತು ಲಗೂನ, ಇಂಡ್ಯಾಗ ವಕೀಲ್ರು ಹನ್ನೊಂದಕ್ಕ ಮಗಳನ್ನ ಕರಕೊಂಡ ಬಾ ಅಂತ ಮೊನ್ನೇನ ಹೇಳ್ಯಾರ."