ಕೊಡೆ ಹಿಡಿದ ಕಾಕಾ

ಡಿಸೆಂಬರ್ ರಜೆಗೆ ಎಲ್ಲರೂ ಸೇರಿದಾಗ ಹುಬ್ಬಳ್ಳಿಯ ಕಸ್ತೂರಿಯ ಮನೆಯಲ್ಲಿ ಅದೇ ಮದುವೆ ಸಿನಿಮಾ ನೋಡುವುದು ವಾಡಿಕೆ. ಸಿನಿಮಾದೊಳಗಿನವರಿಗೂ ನಮ್ಮಂತೆ ವರ್ಷ ವರ್ಷ ವಯಸ್ಸಾಗುತ್ತದಲ್ಲ, ಈ ಸಲ ಮದುಮಗಳ ಜಡೆ ಪೂರ್ತಿ ನರೆತಿತ್ತು. ಎಲ್ಲರೂ ನಕ್ಕರು.

ಇನ್ನು ಸಿನಿಮಾದ ಊಟದ ದೃಶ್ಯದಲ್ಲಿ ಕೊಡೆ ಹಿಡಿದ ಕಾಕಾ ಬಾಗಿಲು ಬಡಿದು, "ನನ್ನ ಬಿಟ್ಟು ಉಣ್ಣಾಕ ಕುಂತ್ರೇನು?" ಎನ್ನಬೇಕು. ಕಸ್ತೂರಿಯ ಅಪ್ಪ ಪ್ರತಿವರ್ಷ ಅವನ ಜೊತೆಗೇ ಆ ಮಾತು ಹೇಳುತ್ತಿದ್ದರು. ಈ ಸಲ ಹೇಳಿದ್ದು ಅಪ್ಪ ಒಬ್ಬರೇ. ಯಾರೂ ಬಡಿಯದಿದ್ದರೂ ಮದುಮಗಳು ಎದ್ದು ಬಾಗಿಲು ತೆರೆದಳು. ಹೊರಗೆ ಯಾರೂ ಇರಲಿಲ್ಲ.

"ಹಿಂದಕ್ಕ ಹಾಕವಾ ಕಸ್ತೂರಿ," ಎಂದರು ಅಪ್ಪ. "ಮುದುಕ ಅದಾನ, ನಡ್ಯಾಕ ತಡಾ ಆಗಿರಬೇಕು."

ಬೇರೇನೂ ತೋಚದೆ ಕಸ್ತೂರಿ ಎರಡು ಸಲ ಹಿಂದಕ್ಕೆ ಹಾಕಿದಳು. ಎರಡು ಸಲವೂ ಮದುಮಗಳು ಬಾಗಿಲು ತೆರೆದು, ಕಾದು, ಮುಚ್ಚಿದಳು. ಮೂರನೆಯ ಸಲ ಹಾಕಿದಾಗ ಅವಳು ಬಾಗಿಲಿಗೆ ಹೋಗಲಿಲ್ಲ. ಕಾಕಾನಿಗೆ ಹಾಕಿದ್ದ ಬಾಳೆಎಲೆಯನ್ನು ಮೆಲ್ಲಗೆ ಎತ್ತಿಟ್ಟಳು.