ಹೊಸ್ತಿಲಾಚೆ

"ಹೊಸ್ತಿಲೊಳಗೆ ಇರೋದೆಲ್ಲಾ ಜಪ್ತಿ. ಯಾರದ್ದಾದ್ರೂ ಸರಿ," ಎನ್ನುತ್ತಾ ಅಬಕಾರಿ ಅಧಿಕಾರಿ ಪಕ್ಕದ ಕ್ಷೌರಿಕನ ಸೈಕಲ್ಲಿಗೂ ಚೀಟಿ ಅಂಟಿಸಿದ. ಬಿಸಿಲಿಗೆ ಟೈರು ಹಾಳಾದೀತೆಂದು ಆ ಪುಣ್ಯಾತ್ಮ ಬೆಳಿಗ್ಗೆಯಷ್ಟೇ ಅದನ್ನು ಒಳಗಿಟ್ಟಿದ್ದ. ಈಗ ಬಾಗಿಲಾಚೆ ನಿಂತು ಗೋಗರೆಯುತ್ತಿದ್ದ.

ಅದೊಂದು ಪುಟ್ಟ ಬಿಯರ್ ಕಾರ್ಖಾನೆ. ಮೂರು ಕಂತಿನ ಸುಂಕ ಬಾಕಿ. ಪೀಪಾಯಿ, ಹಂಡೆ, ಬಕೆಟ್ಟು, ಕೊನೆಗೆ ನೀರು ಕುಡಿಯುವ ಲೋಟಕ್ಕೂ ಚೀಟಿ ಬಿದ್ದಿತ್ತು. ಮುರಿದ ಕುರ್ಚಿಯೊಂದನ್ನು ಮಾತ್ರ "ಬೆಲೆ ಇಲ್ಲದ್ದು ನಮಗೆ ಬೇಡ" ಎಂದು ಅಧಿಕಾರಿ ಬಿಟ್ಟಿದ್ದ.

ಮಾಲೀಕನ ಜೀವವೆಲ್ಲ ಮೂಲೆಯ ಪಿಂಗಾಣಿ ಜಾಡಿಯಲ್ಲಿತ್ತು. ಅದರೊಳಗೆ ಬಿಯರ್ ಹುದುಗಿಸುವ ಹೆಪ್ಪು. ಅಪ್ಪ ಹಾಕಿದ್ದು, ನಲವತ್ತು ವರ್ಷ ಅಮ್ಮ ದಿನವೂ ಹಿಟ್ಟು ಉಣಿಸಿ ಬದುಕಿಸಿದ್ದು. ಬಾಗಿಲಿಗೆ ಸೀಲ್ ಬಿದ್ದರೆ ನಾಲ್ಕು ದಿನದಲ್ಲಿ ಸಾಯುತ್ತದೆ. ಅದೊಂದು ಉಳಿದರೆ ಇನ್ನೆಲ್ಲಾದರೂ ಮತ್ತೆ ಶುರು ಮಾಡಬಹುದಿತ್ತು.

"ಇದೇನು? ಬೆಲೆ ಎಷ್ಟು ಬರೀಲಿ?"

"ಹೆಪ್ಪು ಸಾರ್. ಇಂಥದ್ದು ಎಲ್ಲೂ ಸಿಗಲ್ಲ..." ಎಂದವನು ನಾಲಿಗೆ ಕಚ್ಚಿಕೊಂಡ. ಅಧಿಕಾರಿಯ ಪೆನ್ನು ಚುರುಕಾಯಿತು.

"ಹೆತ್ತವರಿಗೆ ಹೆಗ್ಗಣ ಮುದ್ದು. ಅವನ ಮಾತೇನು ಕೇಳ್ತೀರಿ? ಹಳಸಿದ ಹಿಟ್ಟು ಅದು, ಮೂಸಿ ನೋಡಿ," ಎಂದಳು ಪಕ್ಕದಲ್ಲೇ ನಿಂತಿದ್ದ ಅಮ್ಮ. ಕೈ ತೊಳೆಯದೆ ಆ ಜಾಡಿ ಮುಟ್ಟಲು ಸ್ವಂತ ಮಗನನ್ನೂ ಬಿಟ್ಟವಳಲ್ಲ. ಮಗನಿಗೆ ಅಳು ಬಂತು.

ಅಧಿಕಾರಿ ಮೂಸಿ ಮುಖ ಕಿವುಚಿದ. "ಸರಿ, ಒಳಗಿರೋದಕ್ಕೆ ಬೆಲೆ ಇಲ್ಲ ಅಂತ ಬರೀತೀನಿ. ಆದ್ರೆ ಜಾಡಿಗಿದೆ. ಚರಂಡಿಗೆ ಸುರಿದು ಖಾಲಿ ಮಾಡಿ."

"ಒಂದು ಪಾತ್ರೆ..." ಎಂದ ಮಗ.

"ಎಲ್ಲಕ್ಕೂ ಚೀಟಿ ಅಂಟಿದೆಯಲ್ಲಪ್ಪಾ. ಹೊರಗಿಂದ ತಂದ್ರೆ ಅದಕ್ಕೂ ಅಂಟಿಸ್ತೀನಿ."

ಅಮ್ಮ ಹೊಸ್ತಿಲು ದಾಟಿದಳು. ಕ್ಷೌರಿಕನ ಅಂಗಡಿಯಿಂದ ನೀರಿನ ಪಾತ್ರೆ ತಂದು ಹೊಸ್ತಿಲಿಗೆ ತಾಗಿದಂತೆ ಆಚೆ ಹಿಡಿದು ಕುಕ್ಕರಗಾಲಲ್ಲಿ ಕೂತಳು. "ಜಾಡಿ ಒಳಗೇ ಇರ್ಲಿ. ಸುರಿಯೋ."

ಮಗ ಜಾಡಿಯನ್ನು ಹೊಸ್ತಿಲವರೆಗೆ ತಂದು ಬಾಗಿಸಿದ. ಅಧಿಕಾರಿ ಹೊಸ್ತಿಲನ್ನೂ ಪಟ್ಟಿಯನ್ನೂ ನೋಡಿ ಪೆನ್ನಿಗೆ ಮುಚ್ಚಳ ಹಾಕಿದ. ನೊರೆನೊರೆ ಹೆಪ್ಪು ನಿಧಾನವಾಗಿ ಹೊಸ್ತಿಲು ದಾಟಿ ಪಾತ್ರೆಗಿಳಿಯಿತು.

ಕೊನೆಯ ಹನಿ ಬಿದ್ದ ಮೇಲೆ ಅಮ್ಮ ಪಾತ್ರೆಯನ್ನು ಎದೆಗವಚಿಕೊಂಡು ಎದ್ದು ನಿಂತಳು.

"ಈಗ ಕೇಳಿ ಸ್ವಾಮಿ, ಇದರ ಬೆಲೆ ಹೇಳ್ತೀನಿ."